ಬ್ರೇಕ್ ಹಾಕಿದೆ

ಅವಳಿಗೆ ಬೀಗದಕ್ಕ ಎಂದು ಹೆಸರಿಟ್ಟವನು ಅವಳ ತಮ್ಮ. ಮನೆಯವರೆಲ್ಲ ಎಲ್ಲಿಗಾದರೂ ಹೊರಟರೆ ಇವಳು ಬಸ್ ನಿಲ್ದಾಣದವರೆಗೆ ಬಂದು, ಅಲ್ಲಿಂದ ತಿರುಗಿ ಹೋಗಿ, ಬಾಗಿಲಿಗೆ ತಾನೇ ಹಾಕಿದ್ದ ಬೀಗವನ್ನು ಎಳೆದು ನೋಡಿಕೊಂಡು ಬರುತ್ತಿದ್ದಳು. ಎಷ್ಟೋ ಸಲ ಬಸ್ಸು ತಪ್ಪಿದೆ. ನಮ್ಮಕ್ಕ ಬೀಗ ಹಾಕೋದಿಲ್ಲ, ಬೀಗಕ್ಕೆ ನೇತಾಡ್ತಾಳೆ ಎಂದು ತಮ್ಮ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದ. ಮದುವೆಯಾದ ಮೇಲೆ ಗಂಡನೂ ಆ ಹೆಸರನ್ನೇ ಕಲಿತ. ಇಬ್ಬರು ಗಂಡಸರ ನಡುವೆ ಅಷ್ಟಾದರೂ ಒಮ್ಮತವಿದೆಯಲ್ಲ ಎಂದು ಅವಳು ಸುಮ್ಮನಿದ್ದಳು.

ಅವಳ ಕೆಲಸ ಜಂಕ್ಷನ್ ಸ್ಟೇಷನ್ನಿನಲ್ಲಿ, ಮೈಕಿನ ಮುಂದೆ. ಒಂದನೇ ಪ್ಲಾಟ್‌ಫಾರ್ಮಿನ ತುದಿಯ ಚಿಕ್ಕ ಕೋಣೆ. ಎದುರಿಗೆ ಗಾಜಿನ ಕಿಟಕಿ, ಮೇಜಿನ ಮೇಲೆ ಸಾಲು ದೀಪಗಳ ಹಲಗೆ. ಗಾಡಿ ಪ್ಲಾಟ್‌ಫಾರ್ಮಿನ ಹಳಿಗೆ ತಿರುಗಿದ ಕೂಡಲೇ ಆ ಹಳಿಯ ದೀಪ ಹತ್ತಿಕೊಳ್ಳುತ್ತದೆ. ದೀಪ ಹತ್ತಿದರೆ ‘ಬಂದಿದೆ’ ಎಂದು ಹೇಳಬಹುದು ಎನ್ನುವುದು ನಿಯಮ. ಅವಳು ಮಾತ್ರ ಕುರ್ಚಿಯಿಂದ ಅರ್ಧ ಎದ್ದು, ಕತ್ತು ಚಾಚಿ, ಎಂಜಿನ್ನಿನ ಮೂತಿ ಕಣ್ಣಿಗೆ ಬೀಳುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಹೀಗಾಗಿ ಅವಳ ಪಾಳಿಯಲ್ಲಿ ಗಾಡಿಗಳೆಲ್ಲ ಒಂದು ಉಸಿರಿನಷ್ಟು ತಡವಾಗಿ ಬರುತ್ತವೆ ಎಂದು ಸ್ಟೇಷನ್ ಮಾಸ್ತರರು ತಮಾಷೆ ಮಾಡುತ್ತಿದ್ದರು.

ತಮ್ಮ ಎಂಜಿನ್ ಡ್ರೈವರ್. ಗಂಡ ಸೇನೆಗೆ ಉಪಕರಣ ಮಾಡಿಕೊಡುವ ಪ್ರಯೋಗಾಲಯದಲ್ಲಿ ಎಂಜಿನಿಯರ್. ಆಕಾಶದಲ್ಲಿ ಎದುರಾಳಿಯ ವಿಮಾನ ಬರುವುದನ್ನು ಮೋಡದಾಚೆಯಿಂದಲೇ ಕಂಡುಹಿಡಿಯುವ ಯಂತ್ರಗಣ್ಣು ಅವನ ತಂಡದ ಕೈಚಳಕ. ಕಳೆದ ಚಳಿಗಾಲದಲ್ಲಿ ಮಂಜು ಕವಿದ ಒಂದು ಬೆಳಿಗ್ಗೆ, ನಿಂತಿದ್ದ ಗಾಡಿಗೆ ಇನ್ನೊಂದು ಗಾಡಿ ಹಿಂದಿನಿಂದ ಹೋಗಿ ಗುದ್ದಿತು. ಎಷ್ಟೋ ಮನೆಗಳ ದೀಪ ಆರಿತು. ಪತ್ರಿಕೆಗಳು ಕಿಡಿ ಕಾರಿದವು, ಟೀವಿಯಲ್ಲಿ ಬಲ್ಲವರೂ ಅರಿಯದವರೂ ಗಂಟಲು ಹರಿದುಕೊಂಡರು. ವಿಮಾನ ಕಾಣುವ ಕಣ್ಣಿಗೆ ಎದುರು ನಿಂತ ರೈಲು ಕಾಣುವುದಿಲ್ಲವೇ ಎಂದು ಯಾರೋ ಕೇಳಿದರು. ಆ ಪ್ರಶ್ನೆ ಮೇಲಿನಿಂದ ಇಳಿದಿಳಿದು ಕೊನೆಗೆ ಅವಳ ಗಂಡನ ಮೇಜಿನ ಮೇಲೆ ಬಂದು ಕುಳಿತಿತು. ಅಂದಿನಿಂದ ಅವನು ಮನೆಯಲ್ಲಿದ್ದರೂ ಇಲ್ಲದವನಂತೆಯೇ ಇದ್ದ.

ಈಗ ಯಂತ್ರ ಸಿದ್ಧವಾಗಿತ್ತು. ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಆ ಕಣ್ಣು ಹಳಿಯ ಮೇಲೆ ಅಡ್ಡ ಏನಾದರೂ ಕಂಡರೆ ಮೊದಲು ಡ್ರೈವರನಿಗೆ ಹೇಳುತ್ತದೆ. ಅವನು ನಿಲ್ಲಿಸದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಹೇಳುವುದಕ್ಕೆ ಒಂದು ದನಿ ಬೇಕಲ್ಲ. ಈ ಮಾರ್ಗದ ಡ್ರೈವರುಗಳಿಗೆಲ್ಲ ಪರಿಚಯವಿರುವ ದನಿ ಸ್ಟೇಷನ್ನಿನ ಅಕ್ಕನದು ಎಂದು ಅವಳನ್ನೇ ಕರೆಸಿದರು. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಕೂರಿಸಿ, ಮೂರು ಮಾತು ಓದಿಸಿದರು. ಮುಂದೆ ಹಳಿಯ ಮೇಲೆ ಗಾಡಿ ಇದೆ. ವೇಗ ಇಳಿಸಿ. ಬ್ರೇಕ್ ಹಾಕಿದೆ. ಇನ್ನೂ ಸ್ವಲ್ಪ ಗಟ್ಟಿಯಾಗಿ, ಮಕ್ಕಳಿಗೆ ಗದರುವ ಹಾಗೆ ಎಂದರು. ಅವಳು ತಮ್ಮನನ್ನು ನೆನೆದುಕೊಂಡು ಗದರಿದಳು. ಎಲ್ಲರಿಗೂ ಹಿಡಿಸಿತು.

ಪರೀಕ್ಷೆಯ ದಿನ ಗೊತ್ತಾಯಿತು. ಜಂಕ್ಷನ್ನಿನಾಚೆ ಬಳಕೆ ಕಡಿಮೆಯಿರುವ ಒಂದು ಹಳಿಯ ಮೇಲೆ ಹಳೆಯ ಎಂಜಿನ್ ಒಂದನ್ನು ನಿಲ್ಲಿಸುವುದು, ಅದರೊಳಗೆ ಯಾರೂ ಇರುವುದಿಲ್ಲ. ಈ ಕಡೆಯಿಂದ ಯಂತ್ರ ಕೂರಿಸಿದ ಎಂಜಿನ್ ಪೂರ್ತಿ ವೇಗದಲ್ಲಿ ಅದರತ್ತ ಹೋಗುವುದು. ಅಪಾಯ ಒಬ್ಬನಿಗೇ ಇರಲಿ ಎಂದು ಒಳಗೆ ಡ್ರೈವರ್ ಒಬ್ಬನೇ. ಅವನು ಏನೇ ಆದರೂ ಬ್ರೇಕಿಗೆ ಕೈ ಹಾಕಕೂಡದು. ಹಾಕಿದರೆ ಪರೀಕ್ಷೆ ಕೆಟ್ಟಂತೆ. ಆ ಡ್ರೈವರ್ ಅವಳ ತಮ್ಮ. ತಾನೇ ಮುಂದೆ ಬಂದು ಒಪ್ಪಿಕೊಂಡಿದ್ದ. ಭಾವ ಮಾಡಿದ ಯಂತ್ರ, ಅಕ್ಕನ ದನಿ, ನಾನಲ್ಲದೆ ಇನ್ಯಾರು ಎಂದನಂತೆ. ಅಂದಿನಿಂದ ಅವಳಿಗೆ ಊಟ ಸೇರದು, ಕೂತಲ್ಲಿ ಕೂರಲಾಗದು. ಹಾಲು ಉಕ್ಕಿದ್ದು ಕಾಣಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಸಿಟ್ಟಳು. ಅವಳ ಜೊತೆಯಲ್ಲೇ ಇದ್ದ ಅಮ್ಮ ಮಾತ್ರ ಇದಾವುದನ್ನೂ ತಿಳಿಯದೆ, ಮಗ ಟೀವಿಯಲ್ಲಿ ಬರುತ್ತಾನೆಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗುತ್ತಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅಮ್ಮ ಒಳಕೋಣೆಯಿಂದ, ಹಿಂಬಾಗಿಲಿಗೆ ಅಗುಳಿ ಹಾಕಿದೆಯಾ ಎಂದು ಕೂಗಿ ಕೇಳಿದಳು.

“ಹಾಕಿದೆ ಅಮ್ಮ,” ಎಂದಳು ಇವಳು.

ಎಂದವಳ ಕೈ ಇನ್ನೂ ನೊರೆಯಲ್ಲಿತ್ತು. ಹಿಂಬಾಗಿಲು ಹಾರು ಹೊಡೆದಿತ್ತು. ಹಾಕಿದೆ ಎಂದು ಹೇಳಿ, ಕೈ ಒರೆಸಿಕೊಂಡು, ಆಮೇಲೆ ಅವಳು ಬಾಗಿಲ ಕಡೆಗೆ ಹೆಜ್ಜೆಯಿಟ್ಟಿದ್ದಳು. ಅಗುಳಿಯ ಮೇಲೆ ಬೆರಳಿಟ್ಟವಳು ಅಲ್ಲೇ ನಿಂತಳು. ಸುಳ್ಳು ಹೇಳಿದ ಹಾಗೆ ಅನ್ನಿಸಿರಲಿಲ್ಲ. ಎಲ್ಲರೂ ಹೀಗೆಯೇ ಅಲ್ಲವೇ ಹೇಳುವುದು? ಊಟಕ್ಕೆ ಕರೆದರೆ ಹಾಸಿಗೆಯಿಂದ ಏಳುವ ಮೊದಲೇ ‘ಬಂದೆ’. ಚಪ್ಪಲಿ ಹುಡುಕುತ್ತಿರುವಾಗಲೇ ‘ಹೊರಟೆ’. ಮಾಡುವುದಕ್ಕೆ ಮುಂಚೆ ಮಾಡಿದೆ ಎನ್ನುವುದು ನಾಲಿಗೆಗೆ ಅಂಟಿದ ಅಭ್ಯಾಸ. ಹಾಗಾದರೆ ಅವಳ ದನಿಯಲ್ಲಿ ಎಂಜಿನ್ನಿನೊಳಗೆ ಕೂತ ಆ ‘ಹಾಕಿದೆ’?

ಗಂಡ ಬರುವವರೆಗೆ ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಅವನು ಷೂ ಬಿಚ್ಚುವುದಕ್ಕೂ ಬಿಡದೆ ಕೇಳಿದಳು: ಯಂತ್ರ ಆ ಮಾತು ಹೇಳುವುದು ಬ್ರೇಕ್ ಬಿದ್ದ ಮೇಲೋ, ಬೀಳಲಿ ಎಂದು ಅಪ್ಪಣೆ ಕೊಟ್ಟಾಗಲೋ? ಅಪ್ಪಣೆ ಕೊಟ್ಟಾಗ ಎಂದ ಅವನು. ಅಪ್ಪಣೆ ಹೋಗಿಯೂ ಬ್ರೇಕ್ ಬೀಳದಿದ್ದರೆ? ಹಾಗಾಗುವುದಿಲ್ಲ. ಒಂದು ವೇಳೆ ಆದರೆ? ಆಗುವುದಿಲ್ಲ ಎಂದೆನಲ್ಲ. ಎರಡರ ನಡುವೆ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದಕ್ಕೊಂದು ಬೇರೆ ಮಾತು ಬೇಕೇ? ಮಾತಿಗೆ ಸಮಿತಿಯ ಒಪ್ಪಿಗೆ ಆಗಿಹೋಗಿದೆ. ಈಗ ಒಂದು ಅಕ್ಷರ ಬದಲಿಸಿದರೂ ಎಲ್ಲ ಮೊದಲಿನಿಂದ. ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

“ನಿನ್ನ ಬೀಗದ ಕಾಯಿಲೆಯನ್ನ ನನ್ನ ಯಂತ್ರಕ್ಕೂ ಅಂಟಿಸಬೇಡ ಮಾರಾಯ್ತಿ,” ಎಂದು ನಕ್ಕು ಸ್ನಾನಕ್ಕೆ ಹೋದ. ನಗುವಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವಳಿಗೆ ಜಗಳವಾಡಲೂ ಆಗಲಿಲ್ಲ.

ಮರುದಿನ ಪಾಳಿಗೆ ಮುಂಚೆಯೇ ಹೋಗಿ ಡ್ರೈವರುಗಳ ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಉದ್ದ ಮೇಜು, ಗೋಡೆಗೆ ಒರಗಿಸಿದ ಕಬ್ಬಿಣದ ಮಂಚಗಳು, ಮೊಳೆಗೆ ನೇತುಹಾಕಿದ ಕೋಟುಗಳು. ತಮ್ಮ ಬೂಟಿನ ಲೇಸು ಬಿಗಿಯುತ್ತಿದ್ದ. ಅವನ ಜೊತೆಗಾರರು ಆ ದಿನ ಅವನನ್ನು ಮದುಮಗನ ಹಾಗೆ ನೋಡಿಕೊಳ್ಳುತ್ತಿದ್ದರು. ಒಬ್ಬ ಚಹಾ ತಂದಿಟ್ಟ, ಇನ್ನೊಬ್ಬ, ವಾಪಸ್ ಬರದಿದ್ದರೆ ನಿನ್ನ ಮಂಚ ನನಗೇ ಎಂದು ಕಾಲೆಳೆದ. ಅವಳನ್ನು ಕಂಡು ಅವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಸರಿದರು.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬ್ರೇಕ್ ಮುಟ್ಟು ಎಂದರೆ ಗಂಡನ ಕೆಲಸಕ್ಕೆ ಕಲ್ಲು ಹಾಕಿದಂತೆ. ಮುಟ್ಟಬೇಡ ಎಂದು ಹೇಳಲು ನಾಲಿಗೆ ಏಳದು. ಕೊನೆಗೆ ಅಂದಳು: “ಒಳಗೆ ನಾನು ‘ಹಾಕಿದೆ’ ಅಂತೀನಲ್ಲ, ಆಗ ಇನ್ನೂ ಹಾಕಿರಲ್ಲ ಕಣೋ. ಅಷ್ಟು ನೆನಪಿಟ್ಕೋ.”

ತಮ್ಮ ತಲೆಯೆತ್ತಿ ಅವಳನ್ನೇ ನೋಡಿದ. ಆಮೇಲೆ, “ನೀನು ಬೀಗ ಹಾಕಿದೆ ಅಂದದ್ದನ್ನ ನೀನೇ ಯಾವತ್ತೂ ನಂಬಿಲ್ಲ. ನಾನು ನಂಬ್ತೀನಾ?” ಎಂದು ಎದ್ದು ಕೋಟು ಹಾಕಿಕೊಂಡ. ತಮಾಷೆಯ ಮಾತೇ. ಆದರೆ ಕೋಟಿನ ಗುಂಡಿಯನ್ನು ತಪ್ಪು ಕಾಜಕ್ಕೆ ಸಿಕ್ಕಿಸಿಕೊಂಡಿದ್ದ. ಅವಳು ಅದನ್ನು ಸರಿಪಡಿಸಿದಳು. ಹೋಗಿ ಬರ್ತೀನಿ ಎಂದ. ಬಾ ಎಂದಳು.

ಪರೀಕ್ಷೆ ನಡೆಯುವಾಗ ಅವಳು ಮೈಕಿನ ಕೋಣೆಯಲ್ಲಿ ಇರಬೇಕಿತ್ತು. ಗಂಡ ಸಮಿತಿಯವರ ಜೊತೆ ಹಳಿಯ ಪಕ್ಕದ ಡೇರೆಯಲ್ಲಿದ್ದ. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ವೈರ್‌ಲೆಸ್ ಇತ್ತು; ಎಂಜಿನ್ನಿನೊಳಗಿನ ಸದ್ದೂ ಡೇರೆಯ ಮಾತೂ ಅದರಲ್ಲಿ ಕೇಳುತ್ತಿತ್ತು. ಅವಳು ಒಂದು ಗಾಡಿಯನ್ನು ಕೂಗಿ ಆ ಕೋಣೆಗೆ ಓಡುವಳು, ಇನ್ನೊಂದನ್ನು ಕೂಗಲು ತಿರುಗಿ ಬರುವಳು. ಮೂರನೇ ಪ್ಲಾಟ್‌ಫಾರ್ಮಿಗೆ ಬರುವ ಗಾಡಿಯನ್ನು ಎರಡಕ್ಕೆ ಬರುತ್ತದೆಂದು ಹೇಳಿಬಿಟ್ಟು, ಜನ ಗಂಟುಮೂಟೆ ಹೊತ್ತು ಸೇತುವೆ ಹತ್ತಿದ ಮೇಲೆ ತಿದ್ದಿದಳು. ಇಷ್ಟು ವರ್ಷಗಳ ನೌಕರಿಯಲ್ಲಿ ಅಂಥ ತಪ್ಪು ಆಗಿರಲಿಲ್ಲ. ಮಾಸ್ತರರು ತಾವೇ ಬಂದು, ನೀವು ಅಲ್ಲಿ ಹೋಗಿ ನಿಂತ್ಕೊಳ್ಳಿ ತಾಯಿ, ಇದನ್ನ ನಾನು ನೋಡ್ಕೋತೀನಿ ಎಂದು ಮೈಕ್ ತೆಗೆದುಕೊಂಡರು.

ವೈರ್‌ಲೆಸ್ಸಿನಲ್ಲಿ ಎಂಜಿನ್ನಿನ ಗುಡುಗು ತುಂಬಿತ್ತು. ವೇಗ ಏರುತ್ತಿದೆ ಎಂದ ತಮ್ಮ. ವೇಗ ಪೂರ್ತಿ ಎಂದ. ಆಮೇಲೆ ಬರಿಯ ಗುಡುಗು. ಅದರ ನಡುವಿನಿಂದ ಅವಳ ದನಿಯೇ ಅವಳಿಗೆ ಕೇಳಿಸಿತು, ಗದರುತ್ತ, ಎದುರಿಗಿರುವುದು ಏನೂ ತಿಳಿಯದವರ ಹಾಗೆ: ಮುಂದೆ ಹಳಿಯ ಮೇಲೆ ಗಾಡಿ ಇದೆ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ವೇಗ ಇಳಿಸಿ. ಯಾರೂ ಇಳಿಸುವಂತಿಲ್ಲ. ಗುಡುಗು ಹಾಗೆಯೇ ಇತ್ತು.

ಬ್ರೇಕ್ ಹಾಕಿದೆ.

ಗುಡುಗು ಹಾಗೆಯೇ ಇತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು ಎಂದಿದ್ದ ಗಂಡ. ಅವಳು ರೆಪ್ಪೆ ಮುಚ್ಚಿ ತೆರೆದಳು, ಮತ್ತೆ ಮುಚ್ಚಿ ತೆರೆದಳು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚುವ ಕಿರುಚು ವೈರ್‌ಲೆಸ್ಸಿನ ಪೆಟ್ಟಿಗೆಯನ್ನೇ ನಡುಗಿಸಿತು. ಕಿರುಚು ಉದ್ದಕ್ಕೂ ಎಳೆದು, ತೆಳುವಾಗಿ, ನಿಂತಿತು. ತಮ್ಮನ ಏದುಸಿರು ಕೇಳಿಸಿತು. ಅವನು ಅಂದ:

“ಬ್ರೇಕ್... ಹಾಕಿದೆ. ಗಾಡಿ ನಿಂತಿದೆ.”

ಡೇರೆಯಲ್ಲಿ ಚಪ್ಪಾಳೆ. ಯಾರೋ ಯಾರದೋ ಬೆನ್ನು ತಟ್ಟಿದ ಸದ್ದು. ಯಂತ್ರ ಬ್ರೇಕ್ ಹಾಕಿದೆ ಎಂದು ಡ್ರೈವರ್ ವರದಿ ಕೊಟ್ಟಿದ್ದಾನೆ, ಎಲ್ಲರೂ ಕೇಳಿಸಿಕೊಂಡಿದ್ದಾರೆ ಎಂದು ಸಮಿತಿಯ ಹಿರಿಯರ ದನಿ. ಅವಳು ಬೆಂಚಿನ ಮೇಲೆ ಕೂತಳು. ದೇವರೇ, ಬದುಕಿದ್ದಾನೆ. ಮೊದಲು ಅದೊಂದೇ. ಚಹಾದ ಲೋಟ ಕೈಗೆ ಬಂದ ಮೇಲೆ, ಒಂದು ಗುಟುಕು ಒಳಗೆ ಹೋದ ಮೇಲೆ, ತಮ್ಮನ ಆ ಮಾತು ತಿರುಗಿ ಬಂದು ಕಿವಿಯಲ್ಲಿ ಕೂತಿತು. ಬ್ರೇಕ್ ಹಾಕಿದೆ. ಯಾರು?

ಯಂತ್ರ ಹಾಕಿದೆ ಎಂದರೂ ಅದೇ ಮಾತು. ನಾನು ಹಾಕಿದೆ ಎಂದರೂ ಅದೇ ಮಾತು.

ಸಂಜೆ ಮನೆ ತುಂಬ ಗಲಗಲ. ಟೀವಿಯಲ್ಲಿ ಎಂಜಿನ್ ನಿಂತದ್ದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಹಳೆಯ ಎಂಜಿನ್ನಿಗೂ ಇದಕ್ಕೂ ನಡುವೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಜಾಗ. ಇಷ್ಟರಲ್ಲೇ ಎಲ್ಲ ಪ್ರಯಾಣಿಕರ ಗಾಡಿಗಳಿಗೂ ಯಂತ್ರ ಬರಲಿದೆ ಎಂದು ಸುದ್ದಿಯವಳು ಓದಿದಳು. ಗಂಡ ಫೋನು ಕಿವಿಯಿಂದ ತೆಗೆಯದೆ ಓಡಾಡುತ್ತಿದ್ದ. ಅವನ ಮುಖದಲ್ಲಿ ಅಷ್ಟು ಬೆಳಕನ್ನು ಅವಳು ತಿಂಗಳುಗಳಿಂದ ಕಂಡಿರಲಿಲ್ಲ. ಅಮ್ಮ ಮಗನ ಪಕ್ಕ ಕೂತು, ನಿನ್ನ ಮುಖ ಯಾಕೆ ತೋರಿಸಲಿಲ್ಲ ಎಂದು ಟೀವಿಯವರನ್ನು ಬೈಯುತ್ತಿದ್ದಳು. ತಮ್ಮ ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದವನು ಬರಲೇ ಇಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಅವಳು ಹೋಗಿ ನಲ್ಲಿ ನಿಲ್ಲಿಸಿದಳು.

“ಹಾಕಿದ್ದು ಯಾರೋ?” ಎಂದು ಮೆಲ್ಲಗೆ ಕೇಳಿದಳು.

ಅವನು ಅಂಗೈ ಒರೆಸಿಕೊಂಡ. ನೀನು ಹಾಕಿದೆ ಅಂದೆ, ನಾನು ಕಾದೆ ಎಂದ. ಏನೂ ಹಿಡಿಯಲಿಲ್ಲ, ಎದುರಿನ ಎಂಜಿನ್ ಗೋಡೆಯ ಹಾಗೆ ಬೆಳೆಯುತ್ತಿತ್ತು, ನೀನು ಹೇಳಿ ಕಳಿಸಿದ ಮಾತು ತಲೆಯಲ್ಲಿ ಬಂತು, ಅಷ್ಟರಲ್ಲಿ ಕೈ ತಾನಾಗಿ ಹೋಗಿತ್ತು. ಯಂತ್ರ ಹಿಡಿದ ಮೇಲೆ ನಾನು ಎಳೆದೆನೋ, ನಾನು ಎಳೆದದ್ದಕ್ಕೆ ಅದು ಹಿಡಿಯಿತೋ, ಆಣೆಯಿಟ್ಟು ಹೇಳು ಅಂದರೂ ಹೇಳಲಾರೆ.

“ನಾನು ಹಾಕಿದೆ ಅಂತಲೇ ಅಕ್ಕ ನಾನು ಹೇಳಿದ್ದು. ಅವರು ಚಪ್ಪಾಳೆ ತಟ್ಟಿಬಿಟ್ರು. ಆಮೇಲೆ ಬಾಯಿ ಬರಲಿಲ್ಲ.”

ಒಳಗಿನಿಂದ ಗಂಡನ ನಗು ಕೇಳುತ್ತಿತ್ತು. ಅವಳು ಹಿತ್ತಲ ಕಲ್ಲಿನ ಮೇಲೆ ಕೂತು, ಎದ್ದು, ಮತ್ತೆ ಕೂತಳು. ಬಾಯಿ ಮುಚ್ಚಿಕೊಂಡರೆ ತಮ್ಮನ ನೌಕರಿಗೆ ಕುತ್ತಿಲ್ಲ, ಗಂಡನ ಮುಖದ ಬೆಳಕು ಹಾಗೆಯೇ ಇರುತ್ತದೆ. ಮೇಲಾಗಿ ತಪ್ಪಿನ ಬೀಜ ನೆಟ್ಟವಳೂ ಅವಳೇ. ಅವಳು ಆ ಮಾತು ಹೇಳದಿದ್ದರೆ ಅವನ ಕೈ ಏಳುತ್ತಿರಲಿಲ್ಲವೇನೋ. ಏಳದಿದ್ದರೆ ಇವತ್ತು ಈ ಮನೆಯಲ್ಲಿ ಏನು ನಡೆಯುತ್ತಿತ್ತೋ. ಅಲ್ಲಿಗೆ ಬಂದು ಯೋಚನೆ ಮುರಿದು ಬೀಳುತ್ತಿತ್ತು. ಮುರಿದಲ್ಲಿಂದ ಬೇರೆಯದೇ ಚಿತ್ರ: ಸೇತುವೆ ಹತ್ತಿ ಇಳಿದ ಆ ಜನ, ಅವಳು ತಪ್ಪಾಗಿ ಕೂಗಿದ್ದಕ್ಕೆ ಗೊಣಗಿ, ಸರಿಯಾಗಿ ಕೂಗಿದ ಮೇಲೆ ನಂಬಿ ಗಾಡಿ ಹತ್ತಿದವರು. ಮಂಜು ಕವಿದ ಬೆಳಿಗ್ಗೆ ಅವರ ಎಂಜಿನ್ನಿನಲ್ಲಿ ಅವಳ ದನಿ ಹಾಕಿದೆ ಎನ್ನುತ್ತದೆ. ಅಲ್ಲಿ ಕೂತ ಯಾವನೋ ಡ್ರೈವರ್ ಅವಳನ್ನು ನಂಬಿ ಕೈ ಕಟ್ಟಿ ಕೂರುತ್ತಾನೆ. ಅವನಿಗೆ ಬೀಗದಕ್ಕ ಯಾರೆಂದು ಗೊತ್ತಿಲ್ಲ.

ಎದ್ದು ಒಳಗೆ ಹೋದಳು. ತಮ್ಮ ಅವಳ ಸೆರಗು ಹಿಡಿದಂತೆ ಹಿಂದೆಯೇ ಬಂದ. ಗಂಡ ಫೋನಿನಲ್ಲಿ ಯಾರಿಗೋ, ಡ್ರೈವರ್ ಬಾಯಲ್ಲೇ ಬಂತಲ್ಲ ಸಾರ್, ಬ್ರೇಕ್ ಹಾಕಿದೆ ಅಂತ ಎನ್ನುತ್ತಿದ್ದ.

“ರೀ,” ಎಂದಳು. “ಅವನು ಹೇಳಿದ ‘ಹಾಕಿದೆ’ ನಿಮ್ಮ ‘ಹಾಕಿದೆ’ ಅಲ್ಲ.”

ಗಂಡನಿಗೆ ತಟ್ಟನೆ ಅರ್ಥವಾಗಲಿಲ್ಲ. ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಮೊದಲು ಹುಬ್ಬಿನಲ್ಲಿ, ಆಮೇಲೆ ತುಟಿಯಲ್ಲಿ. ಆಮೇಲೆ ಮಾಡುತ್ತೇನೆ ಎಂದು ಫೋನು ಇಳಿಸಿದ. ಭಾವಮೈದುನನ ಕಡೆ ತಿರುಗಿದ. ತಮ್ಮ ನೆಲ ನೋಡುತ್ತ, “ಕೈ ಹೋಯ್ತು ಭಾವ,” ಎಂದ.

ಬೈಗುಳ ಬರಬಹುದೆಂದು ಅವಳು ಕಾದಳು. ಅವನು ಬೈಯಲಿಲ್ಲ. ಟೀವಿ ಆರಿಸಿದ. ಬ್ರೇಕಿನ ಕೊಳವೆಯಿಂದ ಗಾಳಿ ಹೊರಹೋಗಿ ಬ್ರೇಕ್ ಬಿದ್ದದ್ದು ಯಂತ್ರದಲ್ಲಿ ದಾಖಲಾಗಿದೆ, ಆದರೆ ಗಾಳಿಯನ್ನು ಬಿಟ್ಟದ್ದು ತಾನೋ ಡ್ರೈವರನೋ ಎನ್ನುವುದು ಅದಕ್ಕೆ ತಿಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅಮ್ಮ ಎಲ್ಲರ ಮುಖ ನೋಡಿ, ಏನಾಯ್ತು, ಕರೆಂಟ್ ಹೋಯ್ತಾ ಎಂದಳು. ಗಂಡ ವರಾಂಡಕ್ಕೆ ಹೋಗಿ ಬಾಗಿಲು ಎಳೆದುಕೊಂಡ. ಗಾಜಿನಾಚೆ ಅವನು ನಿಂತದ್ದು, ಫೋನು ನೋಡಿದ್ದು, ಜೇಬಿಗೆ ಹಾಕಿದ್ದು, ಮತ್ತೆ ತೆಗೆದದ್ದು ಕಾಣುತ್ತಿತ್ತು. ಕೊನೆಗೆ ಕಿವಿಗಿಟ್ಟುಕೊಂಡ.

ತಮ್ಮನಿಗೆ ಛೀಮಾರಿ ಬಿತ್ತು, ನೌಕರಿ ಉಳಿಯಿತು. ಪತ್ರಿಕೆಗಳು ಇನ್ನೂ ಕೆಲವು ಪರೀಕ್ಷೆಗಳು ಬಾಕಿ ಇವೆ ಎಂದು ಒಳಪುಟದಲ್ಲಿ ಬರೆದು ಸುಮ್ಮನಾದವು. ಯಂತ್ರವನ್ನು ಬಿಚ್ಚಿ ನೋಡಿದರು. ತಪ್ಪೇನೂ ಸಿಗಲಿಲ್ಲ; ತಪ್ಪಿರಲಿಲ್ಲ ಎನ್ನುವುದಕ್ಕೆ ಸಾಕ್ಷಿಯೂ ಸಿಗಲಿಲ್ಲ. ಗಂಡ ಕೆಲವು ದಿನ ಅವಳೊಂದಿಗೆ ಉಪ್ಪು ಬೇಕು, ನೀರು ಬೇಕು ಎನ್ನುವಷ್ಟೇ ಮಾತಾಡಿದ. ಅವಳೂ ಕೆದಕಲಿಲ್ಲ. ಆಮೇಲೊಂದು ಬೆಳಿಗ್ಗೆ ತಿಂಡಿ ತಿನ್ನುತ್ತ, ತಟ್ಟೆಯಿಂದ ಕಣ್ಣೆತ್ತದೆ ಕೇಳಿದ: “ಹಾಗಾದರೆ ಹೇಗೆ ಹೇಳಬೇಕು ಅಂತೀಯ?”

ಅವಳ ಬಳಿ ಉತ್ತರ ತಯಾರಿತ್ತು. ಅಪ್ಪಣೆ ಹೋದಾಗ, ಬ್ರೇಕ್ ಹಿಡಿಯುತ್ತಿದೆ. ಗಾಲಿ ನಿಜವಾಗಿ ಕಚ್ಚಿಕೊಂಡ ಮೇಲೆ ಮಾತ್ರ, ಬ್ರೇಕ್ ಹಿಡಿದಿದೆ. ಕಚ್ಚಿಕೊಳ್ಳದಿದ್ದರೆ ಎರಡನೆಯ ಮಾತು ಬರಲೇಕೂಡದು. ಬರದಿದ್ದರೆ ಡ್ರೈವರನಿಗೆ ತಿಳಿಯುತ್ತದೆ. ಅದಕ್ಕೆ ಗಾಲಿಯ ಹತ್ತಿರ ಇನ್ನೊಂದು ಸಣ್ಣ ಉಪಕರಣ ಬೇಕು ಎಂದ ಅವನು. ಬೇಕಾದರೆ ಹಾಕಿ ಎಂದಳು. ಸಮಿತಿಯವರು ಗೊಣಗಿದರೂ ಒಪ್ಪಿದರು. ಸ್ಪಂಜಿನ ಕೋಣೆಯಲ್ಲಿ ಅವಳು ಎರಡು ಮಾತನ್ನೂ ಓದಿದಳು. ಈ ಸಲ ಯಾರೂ ಗದರಲು ಹೇಳಲಿಲ್ಲ.

ಎರಡನೆಯ ಪರೀಕ್ಷೆಗೂ ತಮ್ಮನೇ ಹೋದ. ಬೇರೆಯವರನ್ನು ಕಳಿಸೋಣ ಎಂದಿದ್ದರು, ಇವನು ಬಿಡಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತೇನೆ, ಎರಡನೆಯ ಮಾತು ಬರದಿದ್ದರೆ ಮಾತ್ರ ತೆಗೆಯುತ್ತೇನೆ ಎಂದ. ಅಮ್ಮನಿಗೆ ಈಗ ಎಲ್ಲ ಗೊತ್ತಾಗಿತ್ತು. ಅವಳು ಬೆಳಗಿನಿಂದ ಅದೇ ಒಂದು ಸೊಪ್ಪಿನ ಕಟ್ಟನ್ನು ಬಿಡಿಸುತ್ತಿದ್ದಳು.

ಇವಳು ಮತ್ತೆ ಮಾಸ್ತರರ ಕೋಣೆಯಲ್ಲಿ. ಪರೀಕ್ಷೆಗಾಗಿ ತಡೆದ ಪ್ಯಾಸೆಂಜರ್ ಗಾಡಿಯೊಂದು ಹೊರಗಿನ ಸಿಗ್ನಲಿನ ಬಳಿ ನಿಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಜನ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ವೈರ್‌ಲೆಸ್ಸಿನಲ್ಲಿ ಅದೇ ಗುಡುಗು. ಮುಂದೆ ಹಳಿಯ ಮೇಲೆ ಗಾಡಿ ಇದೆ. ವೇಗ ಇಳಿಸಿ. ಅವಳ ಕೈ ತಾನಾಗಿ ಮೇಜಿನ ಡ್ರಾಯರಿನ ಬೀಗ ಹಿಡಿದುಕೊಂಡಿತ್ತು.

ಬ್ರೇಕ್ ಹಿಡಿಯುತ್ತಿದೆ.

ಗುಡುಗು. ತಮ್ಮನ ಉಸಿರು. ಇನ್ನೂ ಗುಡುಗು. ಅವಳು ಬೀಗವನ್ನು ಎಳೆದಳು, ಎಳೆದು ಹಿಡಿದಳು. ಕಬ್ಬಿಣ ಕಿರುಚಿತು, ಮತ್ತು ಆ ಕಿರುಚಿನ ಮೇಲೆಯೇ ಅವಳ ದನಿ ಬಂತು: ಬ್ರೇಕ್ ಹಿಡಿದಿದೆ.

ಸದ್ದೆಲ್ಲ ಅಡಗಿದ ಮೇಲೆ ಡೇರೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಕಾಯುತ್ತಿದ್ದರು.

“ನಾನಲ್ಲ,” ಎಂದ ತಮ್ಮ.

ಆಮೇಲೆ ಗಂಡನ ದನಿ ಬಂತು, ಒಡಕು ಒಡಕಾಗಿ, ಕೈ ತೆಗೆಯೋ ಇನ್ನು, ಜೋಮು ಹಿಡಿದೀತು ಎಂದು.

ಮೊದಲ ಸಲ ಹಾಕಿದ್ದು ಯಾರೆಂಬುದು ಇವತ್ತಿಗೂ ತಿಳಿದಿಲ್ಲ. ಅದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದೇ ಇದೆ. ಆದರೆ ಆ ದಿನ ಅದನ್ನು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ತಡೆದಿದ್ದ ಗಾಡಿಯನ್ನು ಬಿಟ್ಟಿದ್ದರು. ಅವಳು ಮೈಕಿನ ಕೋಣೆಗೆ ಓಡಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಹಲಗೆಯ ಮೇಲೆ ದೀಪ ಹತ್ತಿತು. ಮಾಸ್ತರರು ಬಾಗಿಲಲ್ಲಿ ನಿಂತು, ದೀಪ ಹತ್ತಿದೆ ತಾಯಿ, ಹೇಳಿಬಿಡಿ, ಜನ ಕಾದು ಬೇಸತ್ತಿದ್ದಾರೆ ಎಂದರು.

“ತಡೀರಿ ಸಾರ್,” ಎಂದು ಅವಳು ಅರ್ಧ ಎದ್ದು, ಗಾಜಿಗೆ ಹಣೆ ತಾಗಿಸಿ, ಹಳಿಯ ತಿರುವನ್ನೇ ನೋಡುತ್ತ ನಿಂತಳು.